ಬೀರುವಿನ ಕೆಳಗಿನ ತುದಿ

ಆ ನೀಲಿ ಬಣ್ಣ ಎಲ್ಲಿ ಬದಲಾಗುತ್ತದೆ ಎಂದು ನೋಡಹೋದದ್ದೇ ತಪ್ಪಾಯಿತು.

ಪ್ಯಾಸೇಜಿನ ಉದ್ದಕ್ಕೂ ಹಾಸಿದ್ದ ಪರ್ಷಿಯಾದ ರತ್ನಗಂಬಳಿ ಅಜ್ಜಿಯದು, ಅಂದರೆ ಅತ್ತೆಯ ಅತ್ತೆಯದು. ಎರಡು ಮೊಳ ಅಗಲ, ಹತ್ತು ಮೊಳ ಉದ್ದ, ನೂರು ವರ್ಷದ ಹಿಂದಿನ ಕೈನೇಯ್ಗೆ. ಮುಂಬಾಗಿಲ ಬಳಿ ಕಡುನೀಲಿಯಾಗಿದ್ದದ್ದು ಮುಂದೆಲ್ಲೋ ತಿಳಿಯಾಗುತ್ತಿತ್ತು. ಒಮ್ಮೆ ಬಣ್ಣಕ್ಕೆ ಅದ್ದಿದ ನೂಲು ಮುಗಿದು ಮತ್ತೊಮ್ಮೆ ಅದ್ದಿದರೆ ಹಾಗಾಗುತ್ತದಂತೆ. ನೂಲು ಮುಗಿದ ದಿನ ನೇಯುವವಳಿಗೆ ಏನನ್ನಿಸಿತ್ತೋ! ಮದುವೆಯಾಗಿ ಬಂದಾಗಿನಿಂದ ಸೊಸೆಗೆ ಇದೇ ಕುತೂಹಲ.

ಅಜ್ಜಿ ಮಗಳ ಮನೆಗೆ ಹೋಗಿದ್ದರು. ಅವರನ್ನು ಕರೆತರಲು ಅತ್ತೆ ಆಗಷ್ಟೇ ಹೊರಟಿದ್ದರು. ಸೊಸೆ ಬಾಗಿಲ ಬಳಿ ಚಹಾದ ಲೋಟ ಹಿಡಿದೇ ಮಂಡಿಯೂರಿ, ಗಂಟುಗಳನ್ನು ನೋಡಲು ಬಾಗಿದಳು. ಲೋಟವೂ ಬಾಗಿತು.

"ಅಯ್ಯೋ!" ಎಂದು ಕೂಗಿಕೊಂಡಳು. "ಜೋಪಾನ ಮಾಡಿದ್ರೆ ಇದು ನಿಂದೇ ಕಣೆ. ಇಲ್ಲಾಂದ್ರೆ ಮಗಳ ಮನೆಗೆ ಕಳಿಸ್ಬಿಡ್ತೀನಿ" ಎಂದಿದ್ದರು ಅಜ್ಜಿ. ಕಣ್ಣು ಮಂಜಾದರೂ ದಿನಾ ಸಂಜೆ ಅದರ ಮೇಲೆ ಬರಿಗಾಲಲ್ಲಿ ನಡೆದು, ಅಂಗಾಲಲ್ಲೇ ಎಲ್ಲ ಓದಿಬಿಡುತ್ತಿದ್ದರು.

ಮೇಲಿನ ಮನೆಯಾಕೆ ಕೂಗು ಕೇಳಿ ಇಳಿದು ಬಂದಳು. "ಲೋಟ ಹಿಡ್ಕೊಂಡು ಯಾರಾದ್ರೂ ಸಂಶೋಧನೆ ಮಾಡ್ತಾರೇನ್ರೀ? ಉಪ್ಪು ಸುರೀರಿ!"

ಉಪ್ಪು ಸುರಿದದ್ದಾಯಿತು. ಆಮೇಲೆ ನಿಂಬೆಹಣ್ಣು, ಆಮೇಲೆ ಸೋಪಿನ ಪುಡಿ. ನಾಣ್ಯದಷ್ಟಿದ್ದ ಕಲೆ ಉಪಚಾರ ಸಿಕ್ಕ ನೆಂಟನ ಹಾಗೆ ಕಾಲು ಚಾಚಿ, ಊಟದ ತಟ್ಟೆಯಷ್ಟಾಯಿತು. ಮುಟ್ಟಿದರೆ ಹಪ್ಪಳದಂತೆ ಬಿರುಸು.

ಕೆಳಗಿನ ಅಂಗಡಿಯ ಟೈಲರು ಕೊರಳಿಗೆ ಟೇಪು ನೇತುಹಾಕಿಕೊಂಡೇ ಬಂದು ನೋಡಿದ. "ಹೊಲಿಗೇಲಿ ನಾವು ತಪ್ಪನ್ನ ಅಳಿಸಲ್ಲಮ್ಮ, ಒಳಗೆ ಮಡಚ್ತೀವಿ. ಆ ತುದಿ ಈ ಕಡೆಗೆ ತಿರುಗಿಸಿ. ಕಲೆ ಬೀರು ಕೆಳಗೆ ಹೋಗುತ್ತೆ."

ರತ್ನಗಂಬಳಿಯ ಇನ್ನೊಂದು ತುದಿಯ ಮೇಲೆ ಅತ್ತೆಯ ಕಬ್ಬಿಣದ ಬೀರು ನಿಂತಿತ್ತು. ತಮ್ಮ ಮದುವೆಯ ಹೊಸದರಲ್ಲಿ ಅಲ್ಲಿ ಇಡಿಸಿದ ಅದನ್ನು ಕಸ ಗುಡಿಸಲೂ ಸರಿಸಲು ಬಿಟ್ಟವರಲ್ಲ ಅತ್ತೆ.

ಮೂವರೂ ಏದುಸಿರು ಬಿಡುತ್ತ ಬೀರು ಸರಿಸಿ, ರತ್ನಗಂಬಳಿ ತಿರುಗಿಸಿ, ಕಲೆಯ ಮೇಲೆ ಬೀರು ಕೂರಿಸಿದರು. ಸೊಸೆ ಬಾಗಿಲ ಕಡೆ ತಿರುಗಿದವಳು ಅಲ್ಲೇ ನಿಂತಳು. ಈಗ ಬಾಗಿಲ ಬಳಿ ಬಂದಿದ್ದ ತುದಿಯಲ್ಲಿ ಇಸ್ತ್ರಿಪೆಟ್ಟಿಗೆಯ ಆಕಾರದ್ದೇ ಒಂದು ಕಪ್ಪು ಸುಟ್ಟ ಗುರುತು!

"ಕೆಂಡದ ಇಸ್ತ್ರಿಪೆಟ್ಟಿಗೆ," ಟೈಲರು ಟೇಪು ಹಿಡಿದು ಅಳೆದೂ ನೋಡಿದ. "ಮೂವತ್ತು ವರ್ಷದ್ದಾದ್ರೂ ಇರ್ಬೇಕು."

ಹೊರಗೆ ಆಟೋ ನಿಂತಿತು. ಸಲಹೆಗಾರರಿಬ್ಬರೂ ಮಾಯವಾದರು.

ಅಜ್ಜಿ ಚಪ್ಪಲಿ ಬಿಟ್ಟು ಕಾಲಿಟ್ಟರು. ಕಾಲು ಅಲ್ಲೇ ನಿಂತಿತು. "ಇದೇನಿದು ಒರಟು?"

ಅತ್ತೆ ಗುರುತು ನೋಡಿದರು, ಬೀರು ನೋಡಿದರು, ಸೊಸೆಯನ್ನು ನೋಡಿದರು. "ಸುಟ್ಟಿದೆ ಅತ್ತೆ. ಇವಳ ಕೈಗೆ ಇಸ್ತ್ರಿಪೆಟ್ಟಿಗೆ ಕೊಡಬಾರ್ದು ಅಂತ ನಾನು ಮೊದ್ಲಿಂದ ಹೇಳ್ತಾನೇ ಇದ್ದೆ."

ಸೊಸೆ ಬಾಯಿ ತೆರೆದಳು. ನಾನಲ್ಲ ಎನ್ನಬೇಕಾದರೆ ಬೀರು ಯಾಕೆ ಸರಿಸಿದೆ ಎಂದೂ ಹೇಳಬೇಕು. ಬಾಯಿ ಮುಚ್ಚಿ, ಮತ್ತೆ ತೆರೆದು, "ತಪ್ಪಾಯ್ತು ಅಜ್ಜಿ" ಎಂದಳು.

"ನಾಳೆ ಬೆಳಿಗ್ಗೆ ಬೀರು ಸರಿಸಿ ಸುತ್ತಿಡಿ. ಮಗಳ ಮನೆಗೇ ಹೋಗ್ಲಿ," ಎಂದು ಅಜ್ಜಿ ಒಳಗೆ ನಡೆದರು.

ಅತ್ತೆ ಸೊಸೆಯ ಕಿವಿಯ ಬಳಿ ಬಂದರು. "ಬೀರು ಮುಟ್ಟೋ ಮುಂಚೆ ನನ್ನನ್ನೊಂದು ಮಾತು ಕೇಳಬಾರ್ದಿತ್ತೇನೆ? ಅದರ ಕೆಳಗಿರೋ ನಿನ್ನ ಕಲೆ ಎಷ್ಟು ದೊಡ್ಡದು?"

"ಊಟದ ತಟ್ಟೆಯಷ್ಟು ಅತ್ತೆ."

ಅತ್ತೆ ಸೊಸೆಯ ಬೆನ್ನು ತಟ್ಟಿದರು. "ಹಾಗಾದ್ರೆ ಎರಡೂ ನಿಂದೇ ಇರ್ಲಿ ಬಿಡು. ಬೈಗುಳ ಒಂದೇ ಸಲಕ್ಕೆ ಮುಗಿಯುತ್ತೆ."