ಪಾದ್ರಿಯ ಭಾನುವಾರದ ಹೊಟ್ಟೆನೋವು

ನಮ್ಮ ಅನಘಾ ಗೆದ್ದಳು. ಇವತ್ತು ಮಧ್ಯಾಹ್ನ ಆಸ್ಟಿನ್ನಿನಲ್ಲಿ ಮೂವರು ಪ್ರೊಫೆಸರುಗಳು ಎರಡು ಗಂಟೆ ಪ್ರಶ್ನೆ ಕೇಳಿ, ಕೊನೆಗೆ ನನ್ನ ಮೊಮ್ಮಗಳ ಕೈ ಕುಲುಕಿ 'ಡಾಕ್ಟರ್' ಎಂದು ಕರೆದರಂತೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪು ಕಂಡರೆ ಅದು ಸಂತೋಷದ್ದೆಂದು ತಿಳಿದು ಓದಿಕೊಳ್ಳಿ.

ಅವಳು ಓದಿದ್ದು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಇನ್ನೂರು ವರ್ಷದ ಹಿಂದೆ ಇದ್ದ ಆಂಗ್ಲಿಕನ್ ಪಾದ್ರಿಯೊಬ್ಬನ ದಿನಚರಿ. ಹೋದ ವರ್ಷ ಒಂದು ದಿನ, ಆಸ್ಟಿನ್ನಿನ ಪಕ್ಕದ ಸೀಡರ್ ಪಾರ್ಕಿನಲ್ಲಿರುವ ಮಗಳ ಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ, "ಏನು ಬರೆದಿದ್ದಾನೆ, ಸ್ವಲ್ಪ ಹೇಳು" ಅಂದೆ. ದೊಡ್ಡ ವೇದಾಂತ ಇರುತ್ತದೆಂದು ಸೆರಗು ಸರಿಮಾಡಿಕೊಂಡು ಕೂತಿದ್ದೆ. ನೋಡಿದರೆ ಬರೀ ಊಟ. ಗಿರಣಿಯವನ ಮನೆಯಲ್ಲಿ ಕುರಿ, ವಿಧವೆಯೊಬ್ಬಳ ಮನೆಯಲ್ಲಿ ಬಾತುಕೋಳಿ.

"ಅಜ್ಜಿ, ಮೀಟ್ ಬಂದ್ರೆ ಸ್ಕಿಪ್ ಮಾಡ್ಲಾ?"

"ಓದೇ. ತಿಂದೋನು ಅವನು, ಕೇಳೋದಕ್ಕೆ ನನಗೇನು ಮಡಿ."

ಆದರೆ ಹುಡುಗಿಯ ಮುಖ ಬಾಡಿತ್ತು. ಪಾದ್ರಿಗೆ ಪದೇಪದೇ ಹೊಟ್ಟೆನೋವು. ಅದೇನು ಕಾಯಿಲೆಯೆಂದು ಅವಳು ಒಂದು ಅಧ್ಯಾಯವನ್ನೇ ಬರೆದು ಕೊಟ್ಟಿದ್ದಳು. ಅವಳ ಪ್ರೊಫೆಸರಮ್ಮ ಅದನ್ನು ಓದಿ, ಇದರಲ್ಲಿ ಹೊಸದೇನೂ ಇಲ್ಲ ಎಂದು ವಾಪಸು ಕೊಟ್ಟಿದ್ದರು. ಐದು ವರ್ಷದ ಓದು ಒಬ್ಬ ಪರದೇಶಿಯ ಹೊಟ್ಟೆಯಲ್ಲಿ ಸಿಕ್ಕಿಕೊಂಡು ಕೂತಿತ್ತು.

"ನೋವು ಯಾವತ್ತು ಬರುತ್ತೆ ಅವನಿಗೆ?" ಎಂದೆ.

"ಸಂಡೇ. ಊರಿನ ಜಮೀನುದಾರ ಊಟಕ್ಕೆ ಕರೆದಾಗೆಲ್ಲ."

"ಸೋಮವಾರ?"

"ಗಿರಣಿಯವನ ಮನೇಲಿ ಎರಡು ಸಲ ಬಡಿಸಿಕೊಂಡಿದಾನೆ."

"ಅದು ಹೊಟ್ಟೆನೋವಲ್ಲ ಪುಟ್ಟಿ, ಮುನಿಸು."

ನಾನು ಪುರೋಹಿತರ ಹೆಂಡತಿ. ನಮ್ಮ ಯಜಮಾನರಿಗೂ ಒಂದು ವರ್ಷ ಪಟೇಲರ ಮನೆಯ ಊಟವೆಂದರೆ ಹೊಟ್ಟೆ ಕೆಡುತ್ತಿತ್ತು. ಸತ್ಯನಾರಾಯಣ ಪೂಜೆಯ ಮಧ್ಯದಲ್ಲಿ ಪಟೇಲರು, "ಸ್ವಲ್ಪ ಬೇಗ ಮುಗಿಸಿ ಸ್ವಾಮಿ" ಅಂದಿದ್ದರು, ಅಷ್ಟೇ. ದೇವರ ಕೆಲಸದವರು ಊರ ದೊಡ್ಡವರ ಮೇಲಿನ ಸಿಟ್ಟನ್ನು ಬಾಯಲ್ಲಿ ಆಡುವಂತಿಲ್ಲ. ಎಲ್ಲವನ್ನೂ ಹೊಟ್ಟೆಯ ಮೇಲೆ ಹಾಕಬೇಕು. ಮಾರನೆಯ ದಿನ ಬೇರೆ ಮನೆಯಲ್ಲಿ ಅವರು ಎಂಟು ಚಿರೋಟಿ ತಿಂದು ಬಂದದ್ದಕ್ಕೆ ನಾನೇ ಸಾಕ್ಷಿ.

ಅನಘಾ ಇಂಗ್ಲೆಂಡಿನಿಂದ ಜಮೀನುದಾರನ ಹಳೇ ಕಾಗದಗಳ ಫೋಟೋ ತರಿಸಿದಳು. ಅವನು ತನ್ನ ತಂಗಿಗೆ ಬರೆದದ್ದರಲ್ಲಿ ಸಿಕ್ಕಿತು: 'ಚರ್ಚಿನಲ್ಲಿ ಉಪದೇಶ ಉದ್ದವಾಯಿತು ಅಂದೆ, ಪಾದ್ರಿ ಅಂದಿನಿಂದ ಊಟಕ್ಕೆ ಬಂದಿಲ್ಲ.' ಆಮೇಲೆ ಅವಳು ಆ ಅಧ್ಯಾಯವನ್ನು ಬುಡದಿಂದ ತಿರುಗಿ ಬರೆದಳು. ಯಾರ ಮನೆಯಲ್ಲಿ ಉಂಡ, ಯಾರ ಮನೆಯಲ್ಲಿ ಬಿಟ್ಟ ಎಂಬುದರಲ್ಲೇ ಆ ಊರಿನ ಕಥೆಯೆಲ್ಲ ಇತ್ತು. ಇವತ್ತು ಪ್ರೊಫೆಸರುಗಳು ಅದನ್ನೇ ಹೆಚ್ಚು ಮೆಚ್ಚಿಕೊಂಡರಂತೆ. ಆ ಪುಣ್ಯಾತ್ಮ ಎಲ್ಲಿದ್ದರೂ ಅವನ ಹೊಟ್ಟೆ ತಣ್ಣಗಿರಲಿ. ನಮ್ಮ ಯಜಮಾನರದ್ದೂ.

ಸಂಜೆ ಮೂರು ಗಂಟೆ ದೂರದ ಫುಲ್‌ಶೀರ್ ಎಂಬ ಊರಿನಿಂದ ಮಗನ ಮನೆಯವರೂ ಡ್ರೈವ್ ಮಾಡಿಕೊಂಡು ಬಂದರು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗಳು ಒಬ್ಬಟ್ಟು ಬಡಿಸಿದಳು. ನಾನು ಕಥೆಯನ್ನು ಮೊದಲಿನಿಂದ ಹೇಳಿದೆ, ಬಿಟ್ಟುಹೋದದ್ದು ನೆನಪಾಗಿ ಮತ್ತೆ ಹೇಳಿದೆ. ತಲೆಯೆತ್ತಿದರೆ ಎಲ್ಲರೂ ಮೊಸರನ್ನಕ್ಕೆ ಬಂದಿದ್ದರು. ನನ್ನ ಒಬ್ಬಟ್ಟು ಮುರಿಯದೆ ಹಾಗೇ ಇತ್ತು. ಅಳಿಯಂದಿರು ಅದಕ್ಕೆ ತುಪ್ಪ ಹಾಕುತ್ತಾ, "ಅತ್ತೆ, ಡಾಕ್ಟರ್ ಆಗಿರೋದು ಅನಘಾ ಅಲ್ವಾ?" ಅಂದರು.

"ಹೌದಪ್ಪ, ಯಾರು ಇಲ್ಲ ಅಂದ್ರು" ಅಂದು ಒಂದು ತುತ್ತು ಬಾಯಿಗಿಟ್ಟೆ. ಅನಘಾಗೆ ಇನ್ನೊಂದು ಒಬ್ಬಟ್ಟು ಹಾಕಲು ಮಗಳಿಗೆ ಹೇಳಿದೆ.