ಮಣ್ಣು ತಿಂದ ಮಗಳ ತಂದೆಯಿಂದ ಕಬ್ಬಿಣದ ಗುಳಿಗೆಯವರಿಗೆ

ಸಿರುಗುಪ್ಪ,
೧೯೭೯, ಕಾರ್ತಿಕ ಸೋಮವಾರ

ಸಕ್ಕರೆಯ ಕೆಂಪು ಅಂಗಿ ತೊಟ್ಟು, ಕಾಗದದ ಪೊಟ್ಟಣದಲ್ಲಿ ಸವಾರಿ ಮಾಡುವ ಮಾನ್ಯ ಕಬ್ಬಿಣದ ಗುಳಿಗೆಯವರಿಗೆ,

ತಾಲ್ಲೂಕು ಕಚೇರಿಯ ಎದುರಿನ ಬೇವಿನ ಮರದ ಕೆಳಗೆ ಇಪ್ಪತ್ತಾರು ವರ್ಷಗಳಿಂದ ಊರವರ ಅರ್ಜಿ ಬರೆದುಕೊಡುತ್ತ ಬಂದಿರುವ ಚಿದಾನಂದಪ್ಪನು ಮಾಡುವ ಸಾವಿರ ನಮಸ್ಕಾರಗಳು. ಮಾನ್ಯರೇ, ನಾನು ತಹಶೀಲ್ದಾರರಿಗೆ ಬರೆದಿದ್ದೇನೆ, ಕಾಲುವೆಯ ಇಂಜಿನಿಯರರಿಗೆ ಬರೆದಿದ್ದೇನೆ, ಒಮ್ಮೆ ಕಳೆದುಹೋದ ಎಮ್ಮೆಯ ಸಲುವಾಗಿ ಜಿಲ್ಲಾಧಿಕಾರಿಗಳಿಗೂ ಬರೆದಿದ್ದೇನೆ. ಆದರೆ ಕಡಲೆಕಾಳಿನಷ್ಟು ಗಾತ್ರದ ಒಬ್ಬ ಅಧಿಕಾರಿಗೆ ಬರೆಯುವ ಪ್ರಸಂಗ ಬಂದದ್ದು ಇದೇ ಮೊದಲು. ಬೇರೆಯವರ ಕಷ್ಟವನ್ನು ಒಂದೂವರೆ ಹಾಳೆಯಲ್ಲಿ ಮುಗಿಸುವ ನನ್ನ ಕೈ ನನ್ನದೇ ಮನೆಯ ವಿಷಯಕ್ಕೆ ಬಂದಾಗ ಉದ್ದುದ್ದ ಹರಿಯುತ್ತಿದೆ. ತಾವು ಸಣ್ಣವರಾದರೂ ಮನಸ್ಸು ದೊಡ್ಡದು ಮಾಡಿಕೊಂಡು ಕಡೆತನಕ ಓದಬೇಕು.

ನನಗೆ ಒಬ್ಬಳೇ ಮಗಳು, ಅಕ್ಕನಾಗಮ್ಮ. ಕುರುಗೋಡಿಗೆ ಕೊಟ್ಟಿದ್ದೇನೆ, ಅಳಿಯ ಹಂಪಯ್ಯ ಅಲ್ಲಿಯ ಸಾಲೆಯಲ್ಲಿ ಮಾಸ್ತರ, ಸಾಧು ಮನುಷ್ಯ, ಯಾರು ಏನು ಹೇಳಿದರೂ ಹೂಂ ಅನ್ನುವವನು. ಚೊಚ್ಚಲ ಬಾಣಂತನ ತವರಿನದು ಎಂಬ ಪದ್ಧತಿಯಂತೆ ಐದನೆಯ ತಿಂಗಳಲ್ಲಿ ಕುಬಸದ ಸೀಮಂತ ಮಾಡಿ ಮಗಳನ್ನು ಸಿರುಗುಪ್ಪಕ್ಕೆ ಕರೆತಂದೆ. ಮನೆಯಲ್ಲಿ ನೋಡಿಕೊಳ್ಳುವ ಹೆಂಗಸು ಎಂದರೆ ನನ್ನ ಅಕ್ಕ ವಿರೂಪಮ್ಮ ಒಬ್ಬಳೇ. ಬಂದ ಮೂರನೆಯ ದಿನ ಮಗಳು ನಾಚಿಕೊಂಡು ಈ ಸೋದರತ್ತೆಯ ಕಿವಿಯಲ್ಲಿ ಹೇಳಿದ ಬಯಕೆ ಹೋಳಿಗೆಯಲ್ಲ, ಹುಳಿ ಮಾವಿನಕಾಯಿಯಲ್ಲ. ಮಣ್ಣು, ಮಾನ್ಯರೇ. ಒಣಗಿದ ಕೆಮ್ಮಣ್ಣು.

"ಬಸುರಿ ಬಯಕಿ ಐತಿ, ಇಲ್ಲ ಅನಬಾರದು, ಅಂದ್ರ ಕೂಸಿನ ಕಿವಿ ಸೋರ್ತಾವ" ಎಂದು ನನ್ನ ಅಕ್ಕ ತೀರ್ಪು ಕೊಟ್ಟಳು. ಅವಳ ತೀರ್ಪಿನ ಮೇಲೆ ಅಪೀಲು ಹೋಗಲು ನಮ್ಮ ಮನೆಯಲ್ಲಿ ಕೋರ್ಟಿಲ್ಲ. ಸುದ್ದಿ ಹೊರಬಿದ್ದದ್ದೇ ತಡ, ಬಂಧುಬಳಗವೆಲ್ಲ ಪ್ರೀತಿಯಿಂದ ಮಣ್ಣು ಹೊರತೊಡಗಿತು. ಕುರುಗೋಡಿನ ಬೀಗರು ತಮ್ಮ ಊರ ಗುಡ್ಡದ ಮಣ್ಣನ್ನು ಜರಡಿ ಹಿಡಿದು, ಬಿಸಿಲಿಗೆ ಹಾಕಿ, ಹೊಸ ಕೈಚೀಲದಲ್ಲಿ ತುಂಬಿ ಅಳಿಯನ ಕೈಯಲ್ಲಿ ಕಳಿಸಿದರು. ಬಸ್ಸಿನಲ್ಲಿ ಕಂಡಕ್ಟರನು ಚೀಲ ಮುಟ್ಟಿ ನೋಡಿ, "ಮಾಸ್ತರ್ರ, ಸಿರುಗುಪ್ಪದಾಗ ಮಣ್ಣು ತೀರೇತೇನ್ರಿ?" ಎಂದು ಕೇಳಿದನಂತೆ, ಸಾಧು ಹಂಪಯ್ಯ ಅದಕ್ಕೂ ಹೂಂ ಅಂದನಂತೆ. ತೆಕ್ಕಲಕೋಟೆಯ ನಮ್ಮ ದೊಡ್ಡಪ್ಪನ ಮಗ ಪಾಲಯ್ಯ ಕುಂಬಾರರ ಆವಿಗೆಯಿಂದ ಆಗ ತಾನೇ ತೆಗೆದ ಗಡಿಗೆಯ ಚೂರು ತಂದ. ನಾನಾದರೂ ಕಡಿಮೆಯವನೇ? ಹೊಳೆದಂಡೆಗೆ ನಡೆದುಹೋಗಿ ನುಣ್ಣನೆಯ ಮಣ್ಣು ಆರಿಸಿ, ಕೋಡುಬಳೆ ಇಡುವ ಡಬ್ಬಿಯಲ್ಲಿ ತುಂಬಿಟ್ಟೆ. ಕುರುಗೋಡಿನದು ಸ್ವಲ್ಪ ಒಗರು, ತೆಕ್ಕಲಕೋಟೆಯದು ಬಾಯಲ್ಲಿ ಕರಗುತ್ತದೆ, ಹೊಳೆಯದು ಸಪ್ಪೆ ಎಂದು ಮಗಳು ಹೇಳಿದಾಗ ನನ್ನ ಮಣ್ಣು ಸೋತಿತಲ್ಲಾ ಎಂದು ನಿಜವಾಗಿಯೂ ಬೇಜಾರಾಯಿತು. ಇಂಥ ಬುದ್ಧಿವಂತ ತಂದೆ ತಮ್ಮ ಗಮನಕ್ಕೆ ಬೇರೆಲ್ಲಾದರೂ ಬಂದಿದ್ದರೆ ದಯವಿಟ್ಟು ತಿಳಿಸಬೇಕು, ಜೊತೆಯಾಗಿ ಕೂತು ಅಳುತ್ತೇವೆ.

ಈ ಸಂಭ್ರಮದ ನಡುವೆ ತಾವು ದಯಮಾಡಿಸಿದಿರಿ. ನಮ್ಮ ಓಣಿಗೆ ಬರುವ ನರ್ಸ್ ಎರ್ರಮ್ಮನವರು ಒಂದು ಪೊಟ್ಟಣ ತಮ್ಮನ್ನು ಕೊಟ್ಟು, ದಿನಕ್ಕೊಂದು ನುಂಗಿಸಿ, ಮೈಯಲ್ಲಿ ರಕ್ತ ಕಡಿಮೆ ಇದೆ ಎಂದು ಹೇಳಿ ಸೈಕಲ್ ಹತ್ತಿದರು. ನಾವು ಶ್ರದ್ಧೆಯಿಂದಲೇ ಶುರುಮಾಡಿದೆವು. ಬೆಳಿಗ್ಗೆ ಕುದಿಯುವ ಚಹಾದ ಜೊತೆಗೆ ತಮ್ಮನ್ನು ಒಳಗೆ ಕಳಿಸಿದೆವು, ದೊಡ್ಡವರು ಬಂದಾಗ ಚಹಾ ಕೊಡದೆ ಹೇಗೆ ಎಂಬ ಭಾವನೆಯಿಂದ. ಆ ಚಹಾವೇ ತಮ್ಮನ್ನು ಬಾಗಿಲಲ್ಲಿ ತಡೆದು ವಾಪಸು ಕಳಿಸುತ್ತದೆ ಎಂದು ನಮಗೇನು ಗೊತ್ತು? ತಾವಾದರೂ ಒಂದು ಮಾತು ಹೇಳಬಹುದಿತ್ತು. ಹೇಳುವುದು ಹೋಗಲಿ, ನಾಲ್ಕನೆಯ ದಿನಕ್ಕೆ ತಾವು ಮಗಳ ಬಹಿರ್ದೆಸೆಯನ್ನು ಇದ್ದಿಲಿನಂತೆ ಕಪ್ಪು ಮಾಡಿದಿರಿ. ವಿಷಯ ತಿಳಿದ ನನ್ನ ಅಕ್ಕ "ಅಯ್ಯಯ್ಯೋ ನಮ್ಮವ್ವ, ಕರುಳು ಸುಟ್ಟು ಹೋದ್ವು" ಎಂದು ಎದೆ ಬಡಿದುಕೊಂಡು, ಅಂದಿನಿಂದ ದಿನವೂ ಮಗಳ ಕೈಯಿಂದ ತಮ್ಮನ್ನು ಇಸಿದುಕೊಂಡು, ನನಗೆ ನುಂಗಿದಳು ಎಂದು ಹೇಳಿ, ಹಿತ್ತಿಲಿನ ಕರಿಬೇವಿನ ಬುಡದಲ್ಲಿ ಹೂಳಿಬಿಡುತ್ತಿದ್ದಳು. ಈ ವರ್ಷ ಕರಿಬೇವು ಕಂಡವರ ಕಣ್ಣು ಕುಕ್ಕುವಂತೆ ಚಿಗುರಿತು. ಮಗಳು ಸುಣ್ಣದ ಗೋಡೆಯಂತೆ ಬೆಳ್ಳಗಾಗುತ್ತ ಹೋದಳು, ನಾವು ಅದನ್ನು ಬಸುರಿಯ ಕಳೆ ಎಂದು ನಂಬಿ ದೃಷ್ಟಿ ತೆಗೆದೆವು.

ಎಂಟನೆಯ ತಿಂಗಳಲ್ಲಿ ಒಂದು ದಿನ ಅವಳು ಕೊಡ ಎತ್ತಲೂ ಇಲ್ಲ, ಬರೀ ಮೂರು ಮೆಟ್ಟಿಲು ಹತ್ತಿದಳು. ಏದುಸಿರು ಬಿಡುತ್ತ ಕಂಬ ಹಿಡಿದವಳು ಹಾಗೆಯೇ ಕುಸಿದಳು. ಮುಂದಿನ ಬಸ್ಸಿಗೆ ಬಳ್ಳಾರಿಗೆ ಒಯ್ದೆವು. ಅಲ್ಲಿಯ ಡಾಕ್ಟರಮ್ಮ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ತೆಗೆಸಿ, ರಕ್ತದ ಅಂಶ ಹನ್ನೊಂದಾದರೂ ಇರಬೇಕಾದದ್ದು ಆರೂವರೆ ಇದೆ ಎಂದರು. ಏನು ತಿನ್ನುತ್ತೀ ಎಂದು ಕೇಳಿದರೆ ಮಗಳು ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಡಾಕ್ಟರಮ್ಮನವರೇ ಅದನ್ನು ಬಿಚ್ಚಿದರು. ತೆಕ್ಕಲಕೋಟೆಯ ಗಡಿಗೆ ಚೂರು ಮೇಜಿನ ಮೇಲೆ ಬಿತ್ತು. ಇದು ಬಯಕೆಯಲ್ಲ ಯಜಮಾನರೇ, ಮೈಯಲ್ಲಿ ಕಬ್ಬಿಣ ಇಲ್ಲದ ಬಹಳ ಜನಕ್ಕೆ ಹೀಗೆ ಮಣ್ಣು, ಹಸಿ ಅಕ್ಕಿ, ಬೂದಿ ತಿನ್ನಬೇಕೆನಿಸುತ್ತದೆ, ತಿಂದ ಮಣ್ಣು ಅನ್ನದಲ್ಲಿರುವ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ ಎಂದು ಅವರು ಹೇಳುತ್ತಿದ್ದರೆ, ಸುದ್ದಿ ಕೇಳಿ ಕುರುಗೋಡಿನಿಂದ ಓಡಿಬಂದು ಕೈಚೀಲ ಹಿಡಿದು ನಿಂತಿದ್ದ ಹಂಪಯ್ಯ ಜೀವನದಲ್ಲಿ ಮೊದಲ ಸಲ ಹೂಂ ಅನ್ನಲಿಲ್ಲ. ಮನೆಯಲ್ಲಿ ಸಜ್ಜೆ ರೊಟ್ಟಿ, ಸೊಪ್ಪಿನ ಪಲ್ಯ ಮಾಡುವುದಿಲ್ಲವೇ ಎಂದೂ ಕೇಳಿದರು. ಕಾಲುವೆ ನೀರು ಬಂದು ಊರೆಲ್ಲ ಭತ್ತ ಬೆಳೆದ ಮೇಲೆ ಸಜ್ಜೆ ತಿನ್ನುವುದನ್ನು ನಾವು ಬಡತನವೆಂದು ಬಿಟ್ಟಿದ್ದೆವು. ಮಿಲ್ಲಿನಲ್ಲಿ ಎರಡು ಸಲ ಪಾಲೀಶು ಮಾಡಿಸಿದ ಮಲ್ಲಿಗೆಯಂಥ ಅನ್ನ ಉಣ್ಣುತ್ತೇವೆ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ.

ಆಮೇಲೆ ಅವರು ಇವಳ ತಾಯಿ ಎಲ್ಲಿ ಎಂದರು.

ಮಾನ್ಯರೇ, ಈ ಪ್ರಶ್ನೆಗೆ ಉತ್ತರ ಕೊಡದೆ ಇಪ್ಪತ್ತೊಂದು ವರ್ಷ ಕಳೆದಿದ್ದೆ, ಅಂದು ಕೊಟ್ಟೆ. ಇವಳನ್ನು ಹೆತ್ತ ದಿನವೇ ನನ್ನ ಹೆಂಡತಿ ವೀರಭದ್ರಮ್ಮ ಹೋದಳು. ರಕ್ತ ನಿಲ್ಲಲಿಲ್ಲ, ಅವಳ ಮೈಯಲ್ಲಿ ಕಳೆದುಕೊಳ್ಳುವಷ್ಟು ಇರಲೂ ಇಲ್ಲ. ಅವಳೂ ಬೆಳ್ಳಗೆ ಚೆಂದ ಕಾಣುತ್ತಿದ್ದಳು, ಅವಳಿಗೂ ನಾನೇ ಹೊಳೆಯ ಮಣ್ಣು ತಂದುಕೊಟ್ಟಿದ್ದೆ. ಡಾಕ್ಟರಮ್ಮ ಚೀಟಿ ಬರೆಯುತ್ತ, ಹಾಗಾದರೆ ಇವಳ ಹೆರಿಗೆ ಮನೆಯಲ್ಲಿ ಬೇಡ, ಇನ್ನು ಏಳು ವಾರ ಇದೆ, ದಿನಕ್ಕೆ ಎರಡು ಗುಳಿಗೆ ತಪ್ಪಿಸಬೇಡಿ ಎಂದರು. ಊಟವಾದ ಮೇಲೆ ನಿಂಬೆಹಣ್ಣಿನ ನೀರಿನ ಜೊತೆ, ಚಹಾ ಎರಡು ತಾಸು ದೂರ, ಕಪ್ಪಗೆ ಹೋದರೆ ಹೆದರಬೇಡಿ, ಎರಡಕ್ಕಿಂತ ಹೆಚ್ಚು ಕೊಡಬೇಡಿ. ಎಲ್ಲವನ್ನೂ ಕೇಳಿಸಿಕೊಂಡೆ. ಕಡೆಯದೊಂದನ್ನು ಮಾತ್ರ ತಲೆಗೆ ಹಾಕಿಕೊಳ್ಳಲಿಲ್ಲ.

ಇದಕ್ಕೆ ನನ್ನ ಕಸುಬೇ ಕಾರಣ. ಒಬ್ಬ ಸಾಹೇಬರಿಗೆ ಒಂದೇ ಅರ್ಜಿ ಹಾಕಿದರೆ ಅದು ಕಡತದಲ್ಲಿ ಮಲಗುತ್ತದೆ. ಅದೇ ಅರ್ಜಿಯ ಪ್ರತಿಗಳನ್ನು ಮೇಲಿನ ಐದು ಜನರಿಗೆ ಒಂದೇ ಟಪಾಲಿಗೆ ಹಾಕಿದರೆ ಕೆಲಸ ಓಡುತ್ತದೆ. ಈ ವಿದ್ಯೆಯಿಂದಲೇ ನಾನು ಊರಲ್ಲಿ ಹೆಸರು ಮಾಡಿದ್ದು. ಏಳೇ ವಾರ ಉಳಿದಿದೆ, ಎರಡೆರಡರಂತೆ ಕಳಿಸಿದರೆ ತಾವೂ ಎಲ್ಲಿಯೋ ಕಡತದಲ್ಲಿ ಮಲಗುತ್ತೀರಿ ಎಂದು ಯೋಚಿಸಿ, ಮರುದಿನ ತಮ್ಮ ಐವರನ್ನು ಒಟ್ಟಿಗೆ ಒಳಗೆ ಕಳಿಸಿದೆ. ಒಂದು ತಾಸಿನಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ಉರುಳಾಡಿದಳು, ವಾಂತಿ ನಿಲ್ಲಲಿಲ್ಲ, ಮತ್ತೆ ಬಳ್ಳಾರಿ ಬಸ್ಸು. ಆ ಬಸ್ಸಿನಲ್ಲಿ ನಾನು ಹೊತ್ತ ಹರಕೆಗಳನ್ನು ತೀರಿಸಲು ಇನ್ನೊಂದು ಜನ್ಮ ಬೇಕು. ಡಾಕ್ಟರಮ್ಮ ಎರಡು ದಿನ ಇಟ್ಟುಕೊಂಡು ನೋಡಿದರು. ನನ್ನನ್ನು ಕರೆದು, ದೊಡ್ಡವಳು, ಉಳಿದಳು, ಇಷ್ಟನ್ನೇ ಸಣ್ಣ ಕೂಸು ಮಿಠಾಯಿ ಎಂದು ನುಂಗಿದ್ದರೆ ಜೀವಕ್ಕೇ ಕುತ್ತು, ಇದು ಕಬ್ಬಿಣ, ಕಡಲೆ ಪುಟಾಣಿಯಲ್ಲ ಎಂದು ವಾರ್ಡಿನ ಹೆಂಗಸರೆಲ್ಲರ ಎದುರು ಬೈದರು. ಇಪ್ಪತ್ತಾರು ವರ್ಷದಲ್ಲಿ ಯಾವ ಸಾಹೇಬರೂ ನನ್ನನ್ನು ಅಷ್ಟು ಸ್ಪಷ್ಟವಾಗಿ ಬೈದಿರಲಿಲ್ಲ, ಅಷ್ಟು ನ್ಯಾಯವಾಗಿಯೂ ಬೈದಿರಲಿಲ್ಲ.

ಅಂದಿನಿಂದ ತಮ್ಮ ವಾಸ ನನ್ನ ಅರ್ಜಿ ಪೆಟ್ಟಿಗೆಯಲ್ಲಿ, ಬೀಗದ ಒಳಗೆ, ಬೀಗದ ಕೈ ನನ್ನ ಉಡುದಾರದಲ್ಲಿ. ಓಣಿಯ ಹುಡುಗರು ಪೆಪ್ಪರಮೆಂಟು ಕೊಡು ತಾತಾ ಎಂದು ಎಷ್ಟು ಗೋಗರೆದರೂ ಪೆಟ್ಟಿಗೆ ತೆರೆಯಲಿಲ್ಲ. ಹೊತ್ತಿಗೆ ಒಂದರಂತೆ, ನನ್ನ ಕಣ್ಣೆದುರೇ, ನಿಂಬೆಹಣ್ಣಿನ ನೀರಿನ ಜೊತೆ ತಾವು ಒಳಗೆ ಹೋಗತೊಡಗಿದಿರಿ. ಅಕ್ಕನು ದೂರ ಕೂತು ತಮಗೆ ಶಾಪ ಹಾಕುತ್ತಲೇ ಸಜ್ಜೆ ರೊಟ್ಟಿ ತಟ್ಟಿದಳು. ನಾಲ್ಕು ವಾರದ ಮೇಲೆ ಒಂದು ಬೆಳಿಗ್ಗೆ ನಾನು ನಿಂಬೆ ಸರಿಯಾಗಿ ಹಿಂಡಲಿಲ್ಲವೆಂದು ಮಗಳು ಗಟ್ಟಿ ದನಿಯಲ್ಲಿ, ಉಸಿರು ಎಲ್ಲಿಯೂ ಕಡಿಯದೆ, ಓಣಿಯ ಆ ತುದಿಗೆ ಕೇಳಿಸುವಂತೆ ನನ್ನ ಮೇಲೆ ರೇಗಾಡಿದಳು. ಅಷ್ಟು ತಿಂಗಳಲ್ಲಿ ಅವಳಿಗೆ ಬೈಯಲು ತ್ರಾಣವೇ ಇರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಹಿತ್ತಲಿಗೆ ಹೋಗಿ ನಿಂತು ಕಣ್ಣೊರಸಿಕೊಂಡೆ, ಖುಷಿಗೆ. ಮಣ್ಣಿನ ಡಬ್ಬಿಯ ಕಡೆ ಅವಳು ತಿರುಗಿಯೂ ನೋಡದ್ದರಿಂದ ಅಕ್ಕನು ಮೂರೂ ಊರ ಮಣ್ಣು ಕಲಸಿ ಒಲೆ ಮೆತ್ತಿದಳು.

ಹೋದ ತಿಂಗಳು ಬಳ್ಳಾರಿಯಲ್ಲಿ ಹೆರಿಗೆಯಾಯಿತು, ಹೆಣ್ಣು ಕೂಸು. ಒಳಗೆ ನರ್ಸುಗಳು ಓಡಾಡಿದರು, ರಕ್ತ ಹೆಚ್ಚು ಹೋಗುತ್ತಿದೆ ಎಂಬ ಮಾತು ನನ್ನ ಕಿವಿಗೆ ಬಿತ್ತು. ಹಂಪಯ್ಯ ನನ್ನ ಕೈ ಹಿಡಿದುಕೊಂಡು ಕೂತ. ಅರ್ಧ ತಾಸಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ರಕ್ತ ಬಹಳ ಹೋಯಿತು, ಆದರೆ ಈ ಸಲ ಮೈಯಲ್ಲಿ ಇತ್ತು, ತಡೆದುಕೊಂಡಳು ಎಂದರು. ಮಾನ್ಯರೇ, ತಮ್ಮ ಘನತೆಗೆ ನಾನು ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬರೆಯಲಾರೆ.

ಆದರೂ ದೂರು ದೂರೇ. ತಮ್ಮ ರುಚಿ ತುಕ್ಕಿನದು, ಅದನ್ನು ತಿದ್ದಿಕೊಳ್ಳಬೇಕು. ಮಲಬದ್ಧತೆಯ ವಿಷಯದಲ್ಲಿ ತಾವು ಹೆಣ್ಣುಮಕ್ಕಳಿಗೆ ಕೊಡುವ ಕಿರುಕುಳವನ್ನು ನಿಲ್ಲಿಸಬೇಕು. ಚಹಾದೊಂದಿಗೆ ತಮಗಿರುವ ಹಳೆಯ ಜಗಳವನ್ನು ಹಿರಿಯರ ಸಮಕ್ಷಮ ರಾಜಿ ಮಾಡಿಕೊಳ್ಳಬೇಕು. ಎರಡು ತಾಸು ಕಾಯುವುದು ಬಳ್ಳಾರಿ ಜಿಲ್ಲೆಯವರಿಂದ ಆಗದ ಕೆಲಸ. ಕಡೆಯದಾಗಿ ಒಂದು ಬೇಡಿಕೆ. ಐವತ್ತೆಂಟನೆಯ ಇಸವಿಯಲ್ಲೇ ತಾವು ಬಳ್ಳಾರಿಯ ಔಷಧದ ಅಂಗಡಿಯಲ್ಲಿ ಇದ್ದಿರಂತೆ, ಸೀಸೆಯಲ್ಲಿ ತುಂಬಿಕೊಂಡು, ಸುಮ್ಮನೆ ಕೂತಿದ್ದಿರಂತೆ. ಅಲ್ಲಿಂದ ಸಿರುಗುಪ್ಪಕ್ಕೆ ಆಗಲೂ ಬಸ್ಸಿತ್ತು. ಆ ವರ್ಷದ ಶ್ರಾವಣಕ್ಕೆ ಹಿಂತಿರುಗಿ ಹೋಗಿ, ನಮ್ಮ ಮನೆಯ ಕದ ತಟ್ಟಿ, ಮಣ್ಣು ತರಲು ಹೊರಟ ನನ್ನನ್ನು ಪಕ್ಕಕ್ಕೆ ನೂಕಿ, ವೀರಭದ್ರಮ್ಮನಿಗೆ ಸಿಗಬೇಕೆಂದು ಕೈಮುಗಿದು ಬೇಡುತ್ತೇನೆ. ಇದು ಆಗುವ ಕೆಲಸವಲ್ಲವೆಂದು ಗೊತ್ತು. ಆಗದ ಕೆಲಸಕ್ಕೂ ಅರ್ಜಿ ಬರೆಯುವುದೇ ನನ್ನ ಕಸುಬು.

ಬೈದೂ ಹೊಗಳಿಯೂ ದಣಿದ,
ತಮ್ಮ ವಿಶ್ವಾಸಿ,
ಚಿದಾನಂದಪ್ಪ

ಮರೆತ ಮಾತು: ಹೆತ್ತ ಮೇಲೂ ಮೂರು ತಿಂಗಳು ನುಂಗಬೇಕೆಂದು ಹೇಳಿದ್ದರಿಂದ ನಿನ್ನೆ ಎರ್ರಮ್ಮನವರ ಹತ್ತಿರ ಹೋದರೆ, ತಾವು ಬಂದಿಲ್ಲ, ಮೇಲಿನಿಂದಲೇ ಕಳಿಸಿಲ್ಲ, ಹದಿನೈದು ದಿನದಿಂದ ಡಬ್ಬಿ ಖಾಲಿ ಎಂದರು. ನನ್ನ ಮಗಳಿಗೆ ಹಂಪಯ್ಯ ಬಳ್ಳಾರಿಯಿಂದ ಕೊಂಡು ತರುತ್ತಾನೆ, ಅದು ಬಿಡಿ. ಪಕ್ಕದ ಮನೆಯ ಮೂಕಮ್ಮ ಬಸುರಿ, ಅಕ್ಕಿ ಮಿಲ್ಲಿನಲ್ಲಿ ಕೂಲಿಗೆ ಹೋಗುವವಳು, ಅವಳಿಗೆ ತಂದುಕೊಡುವ ಅಪ್ಪನಿಲ್ಲ, ಗಂಡನಿಲ್ಲ. ನಿನ್ನೆ ನನ್ನ ಅಕ್ಕ ವಿರೂಪಮ್ಮ, ತಮಗೆ ಶಾಪ ಹಾಕಿದ ಅದೇ ವಿರೂಪಮ್ಮ, ಅವಳ ಕೈ ಹಿಡಿದುಕೊಂಡು ಎರ್ರಮ್ಮನವರ ಬಾಗಿಲಲ್ಲಿ ಮಧ್ಯಾಹ್ನದತನಕ ಕೂತು, ಬರಿಗೈಯಲ್ಲಿ ವಾಪಸು ಬಂದಳು. ಈ ಪತ್ರದ ಐದು ಪ್ರತಿ ಮೇಲಿನ ಐದು ಜನರಿಗೆ ಇವತ್ತಿನ ಟಪಾಲಿಗೇ ಹಾಕಿದ್ದೇನೆ. ಅಲ್ಲಿ ಮಾತ್ರ ಐದು ಒಟ್ಟಿಗೆ ನಡೆಯುತ್ತದೆ. ಮೂಕಮ್ಮಗ ಏಳರಾಗ ಬಿದ್ದೈತಿ. ಮರ್ಯಾದಿ ಎಲ್ಲಾ ಆಮ್ಯಾಗ, ಮೊದಲು ಜಲ್ದಿ ಬರ್ರಿ.