ಸ್ಟಾಪಿದ್ದಲ್ಲೆಲ್ಲ ನಿಲ್ಲುವ ನಮ್ಮ ಮಾವ

ನಮ್ಮ ಸೋದರಮಾವ ಎರಡು ದಿನ ಬಸ್ಸಾಗಿದ್ದರು. ನಗಬೇಡಿ! ಬಸ್ಸಿನಲ್ಲಿ ಇದ್ದರು ಎಂದಲ್ಲ, ಬಸ್ಸೇ ಆಗಿದ್ದರು. ಕಚ್ಚೆಪಂಚೆ, ಕರಿ ಕೋಟು, ಹಣೆಯ ಮೇಲೆ ಅಂಗಾರ ಅಕ್ಷತೆ, ಕಂಕುಳಲ್ಲಿ ಕೊಡೆ, ಇಷ್ಟೂ ಸಮೇತ ಮದರಾಸಿನ ತಿರುವೊಟ್ಟಿಯೂರಿನಿಂದ ಜಾರ್ಜ್ ಟೌನಿನವರೆಗೆ ಆರು ಮೈಲಿಗೂ ಹೆಚ್ಚು ದೂರ ಓಡಿದರು. ಕಣ್ಣಾರೆ ಕಂಡ ನನಗೆ ಆ ಆಘಾತ ಇನ್ನೂ ಪೂರ್ತಿ ಇಳಿದಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ನಾನೂ ಬಳ್ಳಾರಿ ಬಿಟ್ಟು ಮಾವನ ಆಶ್ರಯಕ್ಕೆ ಬಂದಿದ್ದೆವು. ನನಗೆ ಇಪ್ಪತ್ತು ವರ್ಷ. ಜಾರ್ಜ್ ಟೌನಿನ ಒಂದು ಕಂಪನಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತ್ತು, ಆದರೆ ಕಾಯಂ ಅಲ್ಲ. ಅಲ್ಲಿಯ ಹೆಡ್ ಕ್ಲಾರ್ಕ್ ಬೆಳಿಗ್ಗೆ ಹತ್ತು ಹೊಡೆದು ಹತ್ತು ನಿಮಿಷಕ್ಕೆ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು. ಒಂದು ತಿಂಗಳಲ್ಲಿ ಮೂರು ಗೆರೆ ಬಿದ್ದರೆ ಹಂಗಾಮಿ ಗುಮಾಸ್ತರು ಮನೆಗೆ! ಕೆಲಸ ಕಾಯಂ ಆದ ದಿನವೇ ಒಂದು ಕೋಣೆ ಬಾಡಿಗೆಗೆ ಹಿಡಿದು ತಮ್ಮನ ಮನೆಯ ಹಂಗಿನಿಂದ ಹೊರಬೀಳಬೇಕೆಂದು ಅಮ್ಮ ರಾಯರಿಗೆ ಹರಕೆ ಹೊತ್ತಿದ್ದರು.

ಆಗ ಬಂತು ನೋಡಿ ಬಸ್ ಮುಷ್ಕರ!

ರೈಲು ಇರಲಿಲ್ಲವೇ ಎನ್ನುತ್ತೀರಾ? ಇತ್ತು. ಮುಷ್ಕರದ ದಿನ ಅದರ ಬಾಗಿಲಲ್ಲಿ ನೇತಾಡುತ್ತಿದ್ದವರ ಕಾಲಿಗೂ ಜನ ನೇತಾಡುತ್ತಿದ್ದರು. ನಡೆಯುವುದೇ ಗತಿ. ಅರ್ಧ ಗಂಟೆ ಮೊದಲೇ ಹೊರಡೋಣವೆಂದು ನಾನು ಮಾವನ ಕಾಲು ಹಿಡಿಯುವುದೊಂದು ಬಾಕಿ.

"ಟೈಮಿಗೆ ಮುಂಚೆ ಬಸ್ ಹೊರಟುಬಿಟ್ರೆ ಸ್ಟಾಪ್‌ನಲ್ಲಿ ಕಾಯೋವ್ರ ಗತಿ ಏನೋ?" ಎಂದರು ಮಾವ.

"ಬಸ್ಸೇ ಇಲ್ಲವಲ್ಲ ಮಾವಾ!"

"ಬಸ್ ಇಲ್ದಿದ್ರೆ ಏನಂತೆ? ರೂಟ್ ಇದೆಯಲ್ಲ!"

ಮಾವನ ಆಫೀಸು ಹತ್ತೂವರೆಗೆ. ಅವರಿಗೇನು! ನಾನೊಬ್ಬನೇ ಹೋಗೋಣವೆಂದರೆ ಊರು ಹೊಸದು, ತಮಿಳು ಅರೆಬರೆ. ಮೇಲಾಗಿ "ಗಲಾಟೆ ದಿನ, ಮಾವನ ಜೋಡಿನೇ ಹೋಗು" ಎಂದು ಅಮ್ಮ ಆಣೆ ಹಾಕಿಸಿದ್ದರು. ಏಳೂ ಮುಕ್ಕಾಲಿಗೆ, ಮಾವ ದಿನವೂ ಹತ್ತುವ ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ (ನಾನು ಹತ್ತುತ್ತಿದ್ದದ್ದು ಅದರ ಮುಂದಿನದು), ಮಾವ "ರೈಟ್!" ಎಂದು ತಮಗೆ ತಾವೇ ಹೇಳಿಕೊಂಡು ಹೊರಟರು.

ನೂರು ಗಜ ಹೋಗಿಲ್ಲ, ಮೊದಲ ಸ್ಟಾಪು. "ಹೋಲ್ಡಾನ್!" ಎಂದು ಮಾವ ಕಂಬದ ಕೆಳಗೆ ನಿಂತೇಬಿಟ್ಟರು! ಪೂರಾ ಒಂದು ನಿಮಿಷ. ಅಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ ಇಬ್ಬರು, ಈ ಮುದ್ರೆಯ ಮನುಷ್ಯ ಯಾರಿಗೆ ಕಾಯುತ್ತಿದ್ದಾನೆ ಎಂದು ನೋಡಿದರು. "ವಾಂಗೋ, ವಾಂಗೋ, ಜಾರ್ಜ್ ಟೌನ್!" ಎಂದು ಮಾವ ಕರೆದರು. ಅವರು ಬಂದೇ ಬಂದರು! ಹುಚ್ಚು ಅಂಟುಜಾಡ್ಯ ಎಂದು ನನಗೆ ಆವತ್ತು ಗೊತ್ತಾಯಿತು. ನಾಲ್ಕನೆಯ ಸ್ಟಾಪಿನ ಹೊತ್ತಿಗೆ ನಮ್ಮ ಹಿಂದೆ ಹದಿನೆಂಟು ಜನ. ನಾನು ತಲೆ ತಗ್ಗಿಸಿ, ಇವರಿಗೂ ನನಗೂ ಸಂಬಂಧವಿಲ್ಲ ಎನ್ನುವಂತೆ ರಸ್ತೆಯ ಆಚೆ ಮಗ್ಗುಲಲ್ಲಿ ನಡೆದೆ. "ಲೋ, ರಾಂಗ್ ಸೈಡ್‌ನಲ್ಲಿ ಹೋಗ್ತಿದೀಯಲ್ಲೋ!" ಎಂದು ಮಾವ ಅಲ್ಲಿಂದಲೇ ಕೂಗಿದರು.

ಇಷ್ಟಕ್ಕೆ ಮುಗಿಯಿತೇ? ನಮ್ಮ ಬಸ್ಸು ಒಂದು ಕಾರ್ಖಾನೆಯ ಗೇಟಿನ ತನಕ ಒಳರಸ್ತೆಯಲ್ಲಿ ಹೋಗಿ, ಅಲ್ಲಿ ತಿರುಗಿಸಿಕೊಂಡು, ಮತ್ತೆ ಮುಖ್ಯರಸ್ತೆಗೆ ಬರುತ್ತಿತ್ತು. ಮಾವನೂ ಒಳಗೆ ಹೊರಳಿದರು! ಹದಿನೆಂಟು ಜನರೂ ಹೊರಳಿದರು! ಗೇಟಿನ ಮುಂದೆ ಒಂದು ಸುತ್ತು ಹಾಕಿ ವಾಪಸು ಬಂದರು. ಕಾವಲುಗಾರ ಯಾವುದೋ ಮೆರವಣಿಗೆ ಎಂದು ಹೆದರಿ ಗೇಟಿಗೆ ಬೀಗ ಜಡಿದ.

ಕಾಲಡಿಪೇಟೆಯ ಸ್ಟಾಪಿನಲ್ಲಿ ವಯಸ್ಸಾದವರೊಬ್ಬರು ಕಾಯುತ್ತಿದ್ದರು. ಇಸ್ತ್ರಿ ಹಾಕಿದ ಕೋಟು, ನೆಟ್ಟಗೆ ನಿಂತ ಭಂಗಿ. ಜಾರ್ಜ್ ಟೌನಿನ ಒಂದು ಮಂಡಿಯಲ್ಲಿ ಏಲಕ್ಕಿ, ಮೆಣಸು ನೋಡಿ ದರ್ಜೆ ಹೇಳುವ ಕೆಲಸ ಅವರದು. ಮಾವ ಕಂಕುಳಿನ ಕೊಡೆಯ ತುದಿಯನ್ನು ಹಿಂದಕ್ಕೆ ಚಾಚಿ, "ಕಂಬಿ ಪಿಡಿಚ್ಚುಕೋಂಗೋ ಸಾರ್!" ಎಂದರು. ಅವರೂ ನಗುತ್ತಾ ಬಸ್ಸಿನ ಕಂಬಿ ಹಿಡಿದ ಹಾಗೆ ಕೊಡೆಯ ತುದಿ ಹಿಡಿದರು. ಎಲ್ಲರೂ ಘೊಳ್ಳೆಂದು ನಕ್ಕರು. ನಾನು ಮಾತ್ರ ನಗಲಿಲ್ಲ. ಮಡಿ ಮಡಿ ಎಂದು ಹೆಂಡತಿಯ ನೆರಳಿಗೂ ಹಾರಿ ಬೀಳುವ ಮಾವ, ಯಾರೋ ಏನೋ ಗೊತ್ತಿಲ್ಲದವರ ಕೈಗೆ ತಮ್ಮ ಕೊಡೆ ಕೊಟ್ಟುಬಿಡುವುದೇ! ಅಲ್ಲಿಂದ ಮುಂದೆ ಇನ್ನೊಂದು ಕಾಟ ಶುರುವಾಯಿತು. "ಲೆಫ್ಟ್‌ಲ ಪಳ್ಳಂ! ಮುನ್ನಾಡಿ ಕಲ್ಲು!" ಎಂದು ನನ್ನನ್ನು ನೋಡಿಕೊಂಡು ಮಾವ ಹೆಜ್ಜೆಗೊಮ್ಮೆ ಕೂಗತೊಡಗಿದರು. ಹಳ್ಳ, ಕಲ್ಲು ನನಗೆ ಕಾಣುವುದಿಲ್ಲವೇ? ನಾನೇನು ಅಂಬೆಗಾಲಿಡುವ ಕೂಸೇ? ಅಷ್ಟು ಜನರೆದುರು ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು.

ಕಾಸಿಮೇಡಿನ ಹತ್ತಿರ ಹರಾಜಿನಿಂದ ಮೀನು ಕೊಂಡು ಬರುತ್ತಿದ್ದ ಹೆಂಗಸೊಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತು ನಮ್ಮ ಗುಂಪು ಸೇರಲು ಬಂದಳು. ಮಾವ ಪಂಚೆಯ ತುದಿಯಿಂದ ಮೂಗು ಮುಚ್ಚಿ, ಬಸ್ಸಿನಲ್ಲಿ ಮೀನಿನ ಬುಟ್ಟಿಗೆ ಜಾಗವಿಲ್ಲ, ರೂಲ್ಸ್ ಅಂದರೆ ರೂಲ್ಸ್ ಎಂದರು.

"ಇನ್ನಾ ಅಯ್ಯರೇ, ರೋಡು ಉಂಗಪ್ಪನ್ ವೂಟ್ಟು ಸೊತ್ತಾ?" ಎಂದಳು. ರಸ್ತೆ ನಿಮ್ಮಪ್ಪನ ಮನೆಯ ಆಸ್ತಿಯಾ ಎಂದು! ಮಾವನನ್ನು ಹೀಗೆ ಕೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವಳು ಮಾತ್ರ, "ನೀ ಬಸ್ಸುನ್ನಾ, ನಾನ್ ಲಾರಿ!" ಎಂದು ಮಾವನ ಮುಂದೆಯೇ ನಡೆದುಬಿಟ್ಟಳು. ಆ ವಾಸನೆಯ ಹಿಂದೆ ರಾಯಪುರದ ತನಕ ನಮ್ಮ ಬಸ್ಸು. ಮುಂದೆ ದಾಟಿ ಹೋಗೋಣ ಎಂದರೆ ಮಾವ ಮೂಗು ಹಿಡಿದುಕೊಂಡೇ ಹೇಳಿದರು: "ರೋಡು ಚಿಕ್ಕದು ಕಣೋ, ಓವರ್‌ಟೇಕ್ ಮಾಡಬಾರದು!"

ನಾನು ಆಫೀಸು ಮುಟ್ಟಿದಾಗ ಹತ್ತೂ ಇಪ್ಪತ್ತು. ಮೊದಲ ಕೆಂಪು ಗೆರೆ! "ಬಸ್ ಓಡದಿದ್ದರೆ ನೀನು ಓಡಬೇಕಿತ್ತು," ಎಂದರು ಹೆಡ್ ಕ್ಲಾರ್ಕು. ಮರುದಿನವೂ ಅದೇ ಬಸ್ಸು, ಅದೇ ಸ್ಟಾಪುಗಳು, ಅದೇ ಗೇಟಿನ ಸುತ್ತು. ಎರಡನೆಯ ಗೆರೆ! ಸಂಜೆ ಮನೆಗೆ ಬಂದು ಕೂಗಾಡಿದೆ. "ಇನ್ನೊಂದು ಗೆರೆ ಬಿದ್ದರೆ ಕೆಲಸ ಹೋಗುತ್ತೆ! ನಿಮ್ಮ ಹುಚ್ಚಿಗೆ ನನ್ನ ಬಾಯಿಗೆ ಮಣ್ಣು!" ಅನ್ನ ಹಾಕುವ ಮಾವನಿಗೆ ಹಾಗೆ ಅಂದುಬಿಟ್ಟೆ. ಅಮ್ಮ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದರು.

ಮೂರನೆಯ ಬೆಳಿಗ್ಗೆ ಮಾವ ಏಳಲಿಲ್ಲ. ಬೊಬ್ಬೆ ಒಡೆದು ಕೀವಾಗಿ, ಎಡಗಾಲು ಕುಂಬಳಕಾಯಿಯಾಗಿತ್ತು. ಅತ್ತೆ ಅರಿಸಿನ ಅರೆದು ಹಚ್ಚುತ್ತಿದ್ದರು. ಸುಳ್ಳೇಕೆ ಹೇಳಲಿ, ನನ್ನ ಮನಸ್ಸಿಗೆ ಮೊದಲು ಬಂದದ್ದು ಸಂತೋಷ! ಸ್ಟಾಪಿಲ್ಲ, ಸುತ್ತಿಲ್ಲ, ಒಂಬತ್ತೂ ಮುಕ್ಕಾಲಿಗೆ ಆಫೀಸು! ಚಪ್ಪಲಿ ಮೆಟ್ಟುತ್ತಿದ್ದಾಗ ಮಾವ ಕರೆದರು.

"ಕೊಡೆ ತೊಗೊಂಡು ಹೋಗು. ಬೇರೆ ಎಲ್ಲೂ ನಿಲ್ಲಬೇಡ. ಕಾಲಡಿಪೇಟೆ ಒಂದರಲ್ಲಿ ಮಾತ್ರ ನಿಲ್ಲು."

"ಯಾಕೆ?"

"ಅವರಿಗೆ ಕಣ್ಣು ಪೂರ್ತಿ ಹೋಗಿದೆ ಕಣೋ. ಎರಡು ವರ್ಷ ಆಯ್ತು. ಮೆಣಸು ಅವರ ಕೈಗೆ ಗೊತ್ತು, ಮೂಗಿಗೆ ಗೊತ್ತು. ಕಣ್ಣಿಲ್ಲ ಅಂತ ಮಂಡಿ ಯಜಮಾನನಿಗೆ ಗೊತ್ತಾದ್ರೆ, ಅವತ್ತೇ ಮನೆಗೆ ಕಳಿಸ್ತಾನೆ. ಎಂಟು ಗಂಟೆಗೆ ಮೊಮ್ಮಗಳು ಸ್ಟಾಪ್‌ನಲ್ಲಿ ಬಿಟ್ಟು ಸ್ಕೂಲಿಗೆ ಹೋಗ್ತಾಳೆ. ಬಸ್ಸಲ್ಲಾದ್ರೆ ನಾನು ಇಳಿಸ್ಕೊಂಡು ಮಂಡಿ ಬಾಗಿಲ ತನಕ ಬಿಡ್ತೀನಿ."

"ಹಾಗಾದರೆ ಉಳಿದ ಸ್ಟಾಪುಗಳಲ್ಲೆಲ್ಲ ಯಾಕೆ ನಿಂತಿರಿ?"

"ಅವರೊಬ್ಬರಿಗೇ ನಿಂತ್ರೆ ನಾಲ್ಕು ಜನಕ್ಕೆ ತಿಳಿಯಲ್ವೇನೋ? ಅದೇ ರೋಡಿನಲ್ಲಿ ಮಂಡಿ ಆಳುಗಳೂ ನಡೀತಾರೆ." ಮಾವ ಗೋಡೆಯ ಕಡೆ ತಿರುಗಿದರು. "ಇವತ್ತು ಆಗಲ್ಲ ಅಂದ್ರೆ ಬಿಡು. ನಿನ್ನ ಕೆಲಸವೂ ಕೆಲಸವೇ. ನಾನು ತಪ್ಪು ತಿಳಿಯಲ್ಲ."

ಕೊಡೆ ಕಂಕುಳಲ್ಲಿಟ್ಟುಕೊಂಡು ಹೊರಟೆ. ಹುಚ್ಚು ಎಂದುಕೊಂಡದ್ದರಲ್ಲಿ ಒಂದಿಷ್ಟೂ ಹುಚ್ಚಿರಲಿಲ್ಲ! ಹಳ್ಳ, ಕಲ್ಲು ಎಂದು ಕೂಗಿದ್ದು ನನಗಲ್ಲ. ಆದರೂ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಲೇ ನಡೆದೆ. ನಾನೊಬ್ಬನೇ ಆದರೆ ಹೊತ್ತಿಗೆ ಮುಂಚೆ. ಅವರನ್ನು ನಡೆಸಿಕೊಂಡು ಹೋದರೆ ಹತ್ತೂಕಾಲು ಖಂಡಿತ. ಆಚೆ ಮಗ್ಗುಲಲ್ಲಿ ಹೋಗಿಬಿಟ್ಟರೆ ಅವರಿಗೆ ಕಾಣುವುದೂ ಇಲ್ಲ! ಇಂಥ ನೀಚ ಆಲೋಚನೆ ನನಗೇ ಬಂತೇ ಎಂದು ಈಗಲೂ ಬೆಚ್ಚುತ್ತೇನೆ.

ಕಾಲಡಿಪೇಟೆ ಬಂತು. ಅದೇ ಇಸ್ತ್ರಿಯ ಕೋಟು. ಕಾಣುವವರು ನೋಡುವ ಹಾಗೆ ರಸ್ತೆಯನ್ನೇ ನೋಡುತ್ತಾ ನಿಂತಿದ್ದರು. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನನ್ನ ಕಾಲು ತಾನಾಗಿ ನಿಂತಿತು. ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ: ಮೂರನೆಯ ಗೆರೆ ಬಿತ್ತು, ಕೆಲಸವೂ ಹೋಯಿತು, ಇನ್ನೊಂದು ಸಿಗಲು ಐದು ತಿಂಗಳು ಹಿಡಿಯಿತು. ಅಮ್ಮನ ಹರಕೆಗೆ ರಾಯರು ಅಷ್ಟು ದಿನ ಕಾಯಬೇಕಾಯಿತು.

ನಾನು ಹತ್ತಿರ ಹೋಗಿ ಬಾಯಿ ತೆರೆಯುವ ಮೊದಲೇ ಅವರು ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು, ನನ್ನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದರು: "ಅವರು ವರಲಿಯಾ ತಂಬಿ? ಕಾಲು ರೊಂಬ ವೀಂಗಿಡುಚ್ಚಾ?"

ಮಾವ ಬರಲಿಲ್ಲವೇ, ಕಾಲು ತುಂಬಾ ಊದಿಕೊಂಡಿತೇ ಎಂದು! ಕಾಲಿನ ವಿಷಯ ನಿಮಗೆ ಯಾರು ಹೇಳಿದರು ಎಂದೆ.

ನಿನ್ನೆ ಬೆಳಿಗ್ಗೆಯಿಂದಲೇ ಎಡಗಾಲು ಎಳೆದು ಹಾಕುತ್ತಿದ್ದರಲ್ಲ, ಎಂದರು ಅವರು. ತಾವು ನಿಲ್ಲೋಣ ಎಂದರೆ, ಹುಡುಗನಿಗೆ ಲೇಟಾಗುತ್ತೆ ಎಂದು ಮಾವ ಇನ್ನೂ ಬಿರುಸಾಗಿ ನಡೆದರಂತೆ. "ನಿಮಗೆ ಗೊತ್ತಾಗಲಿಲ್ಲವಾ ತಂಬಿ?" ಎಂದು ಕೇಳಿದರು.

ಗೊತ್ತಾಗಿರಲಿಲ್ಲ. ಎರಡು ಕಣ್ಣಿಟ್ಟುಕೊಂಡು ಎರಡು ದಿನ ಮಾವನ ಜೊತೆಯಲ್ಲೇ ನಡೆದಿದ್ದೆ. ಆ ನಡುರಸ್ತೆಯಲ್ಲಿ ನನಗೆ ಅಳು ಬಂತು. ಕೊಡೆಯ ತುದಿಯನ್ನು ಅವರ ಕೈಗೆ ಕೊಟ್ಟೆ. ಹಿಡಿದುಕೊಂಡು, ಬೇಗ ಹೋಗೋಣ, ನಿಮಗೆ ಆಫೀಸಿದೆಯಲ್ಲ ಎಂದರು.

ಅವಸರವಿಲ್ಲ, ನಿಧಾನವಾಗಿಯೇ ಹೋಗೋಣ ಎಂದು ನನ್ನ ಹರುಕುಮುರುಕು ತಮಿಳಿನಲ್ಲಿ ಹೇಳಿದೆ: "ಮೆದುವಾವೇ ಪೋಲಾಂ, ಸಾರ್."